ಕೆಂಗೇರಿಯ ರೇಷ್ಮೆಯ ಎಳೆ ಮತ್ತು ದುಡಿಯುವ ಕೈ



ಇಂದು ಮನೆಮನೆಯಲ್ಲಿಯೂ ಹೊಸ ಯಂತ್ರಗಳನ್ನು ಕುರಿತು ಚರ್ಚೆ ನಡೆದಿದೆ. ಹಿರಿಯರು ಮೊಬೈಲನ್ನು ಹಳಿಯುತ್ತಾರೆ. ಕಿರಿಯರು ಅದಿಲ್ಲದೆ ಬದುಕು ಸಾಗದೆನ್ನುತ್ತಾರೆ. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವುಂಟು. ಆದರೆ ಯಂತ್ರವು ತನ್ನನ್ನು ಬಳಸುವವನನ್ನು ಹೇಗೆ ಮಾರ್ಪಡಿಸುತ್ತದೆ ಎಂಬ ಪ್ರಶ್ನೆ ನಮ್ಮ ಕಾಲದಲ್ಲಿ ಹುಟ್ಟಿದುದಲ್ಲ. ಬೆಂಗಳೂರಿನ ಪಶ್ಚಿಮ ಭಾಗದಲ್ಲಿಯೇ, ಇಂದು ಮೆಟ್ರೋ ರೈಲು ಓಡಾಡುವ ಕೆಂಗೇರಿಯಲ್ಲಿಯೇ, ಈ ಪ್ರಶ್ನೆ ಒಂದೂವರೆ ಶತಮಾನದ ಹಿಂದೆ ತಲೆಯೆತ್ತಿತ್ತು. ಆ ಇತಿಹಾಸವನ್ನು ತಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಮೈಸೂರು ಸೀಮೆಯಲ್ಲಿ ರೇಷ್ಮೆ ಕೃಷಿಯನ್ನು ವ್ಯವಸ್ಥಿತವಾಗಿ ಬೆಳೆಸಿದವನು ಟಿಪ್ಪು ಸುಲ್ತಾನ. ಬಂಗಾಳದಿಂದ ಹುಳುವಿನ ಮೊಟ್ಟೆಗಳನ್ನು ತರಿಸಿ, ಹಿಪ್ಪುನೇರಳೆ ತೋಟಗಳನ್ನು ಹಾಕಿಸಿದ ಅವನ ಪ್ರಯತ್ನದಿಂದ ಈ ಕಸುಬು ಹಳ್ಳಿಗಳಲ್ಲಿ ಬೇರೂರಿತು. ಆ ಕಾಲದ ನೂಲು ಬಿಚ್ಚಾಣಿಕೆಯ ಕ್ರಮವನ್ನು ಸ್ವಲ್ಪ ವಿವರವಾಗಿ ಅರಿಯುವುದು ಅವಶ್ಯ. ಮುಂದಿನ ಮಾತೆಲ್ಲ ಅದರ ಮೇಲೆಯೇ ನಿಂತಿದೆ.

ಒಲೆಯ ಮೇಲೆ ನೀರಿನ ಪಾತ್ರೆ; ಕುದಿಯುವ ನೀರಿನಲ್ಲಿ ಗೂಡುಗಳು. ಬಿಸಿಗೆ ಗೂಡಿನ ಅಂಟು ಸಡಿಲಗೊಂಡು ಎಳೆಯ ತುದಿ ಬಿಡುತ್ತದೆ. ಒಂದು ಗೂಡಿನ ಎಳೆ ನೂರಾರು ಮೀಟರು ಉದ್ದವಿದ್ದರೂ ಅತಿ ಸೂಕ್ಷ್ಮವಾದುದರಿಂದ ಹಲವು ಗೂಡುಗಳ ಎಳೆಗಳನ್ನು ಕೂಡಿಸಿಯೇ ನೂಲು ತೆಗೆಯಬೇಕು. ಒಂದು ಗೂಡು ಮುಗಿದೊಡನೆ ಮತ್ತೊಂದರ ತುದಿಯನ್ನು ಸೇರಿಸದಿದ್ದರೆ ನೂಲು ತೆಳುವಾಗುತ್ತದೆ. ಅವಸರದಿಂದ ಹೆಚ್ಚು ಸೇರಿಸಿದರೆ ದಪ್ಪವಾಗುತ್ತದೆ. ಈ ಲೆಕ್ಕವನ್ನೆಲ್ಲ ನೋಡಿಕೊಳ್ಳುತ್ತಿದ್ದುದು ಒಲೆಯ ಮುಂದೆ ಕುಳಿತವನ ಕಣ್ಣು ಮತ್ತು ಬೆರಳು. ಮತ್ತೊಬ್ಬನು, ಅನೇಕ ವೇಳೆ ಮನೆಯ ಮಗುವೇ, ಚರಕವನ್ನು ತಿರುಗಿಸುತ್ತಿತ್ತು. ಆ ಬೆರಳುಗಳಲ್ಲಿ ಅಸಾಧಾರಣ ವಿದ್ಯೆಯಿತ್ತೆಂಬುದು ನಿಜ. ಅವು ದಿನವಿಡೀ ಸುಡುನೀರಿನಲ್ಲಿ ನೆನೆದು ಹುಣ್ಣಾಗುತ್ತಿದ್ದವೆಂಬುದೂ ಅಷ್ಟೇ ನಿಜ. ಹಳೆಯ ಕಸುಬನ್ನು ಹೊಗಳುವಾಗ ನಾವು ಈ ಎರಡನೆಯ ಮಾತನ್ನು ಮರೆಯುವುದುಂಟು.

1860ರ ದಶಕದಲ್ಲಿ ಇಟಲಿಯ ಡಿ ವೆಕ್ಕಿ ಎಂಬ ಉದ್ಯಮಿಯು ಸರ್ಕಾರದ ನೆರವಿನಿಂದ ಕೆಂಗೇರಿಯಲ್ಲಿ ಉಗಿಯಂತ್ರದ ನೂಲು ಬಿಚ್ಚುವ ಕಾರ್ಖಾನೆಯನ್ನು ಸ್ಥಾಪಿಸಿದನು. ಯುರೋಪಿನ ಮಾರುಕಟ್ಟೆ ಬಯಸಿದುದು ಸಮನಾದ ನೂಲನ್ನು. ಚರಕದ ನೂಲಿನಲ್ಲಿ ಆ ಏಕರೂಪತೆ ಇರಲಿಲ್ಲ. ಯಂತ್ರವನ್ನೇನೋ ತಂದದ್ದಾಯಿತು. ಆದರೆ ಅದೇ ದಶಕದಲ್ಲಿ ಮೈಸೂರು ಸೀಮೆಯ ಹುಳುಗಳಿಗೆ ರೋಗ ತಗುಲಿ ಬೆಳೆ ನಾಶವಾಗತೊಡಗಿತು. ಡಿ ವೆಕ್ಕಿ ಜಪಾನಿನಿಂದ ಮೊಟ್ಟೆಗಳನ್ನು ತರಿಸಿದರೂ ಕಸುಬು ಚೇತರಿಸಿಕೊಳ್ಳಲಿಲ್ಲ, ಕಾರ್ಖಾನೆಯೂ ಉಳಿಯಲಿಲ್ಲ. ಇದರಿಂದ ತಿಳಿಯುವುದೇನು? ರೈತನ ಮನೆಯ ತಟ್ಟೆಯಲ್ಲಿ ಹುಳು ಸಾಯುತ್ತಿರುವಾಗ ಕಾರ್ಖಾನೆಯಲ್ಲಿ ಉಗಿ ಎಷ್ಟಿದ್ದರೇನು? ಕಸುಬಿನ ಕಷ್ಟ ಇರುವ ಕಡೆಗೆ ಯಂತ್ರ ಬರಬೇಕೇ ಹೊರತು ಯಂತ್ರವಿರುವ ಕಡೆಗೆ ಕಸುಬು ಹೋಗಲಾರದು.

ಕಷ್ಟವಿದ್ದ ಕಡೆಗೇ ಬಂದ ಉಪಕರಣ ಮತ್ತೊಂದು. ಅದು ಸೂಕ್ಷ್ಮದರ್ಶಕ. ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ 1865ರಿಂದ ಐದಾರು ವರ್ಷ ಶ್ರಮಿಸಿ, ಗಂಟುರೋಗವು ತಾಯಿ ಚಿಟ್ಟೆಯಿಂದ ಮೊಟ್ಟೆಗೆ ದಾಟುತ್ತದೆಂದು ತೋರಿಸಿದರು. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗದ ಕಣಗಳು ಕಂಡರೆ ಅದರ ಮೊಟ್ಟೆಗಳನ್ನು ನಾಶಪಡಿಸುವುದೇ ಅವರ ವಿಧಾನ. 1890ರ ದಶಕದಲ್ಲಿ ಜೆ. ಎನ್. ಟಾಟಾ ಅವರು ಬೆಂಗಳೂರಿನಲ್ಲಿ ಜಪಾನಿ ತಜ್ಞ ದಂಪತಿಗಳ ಮೇಲ್ವಿಚಾರಣೆಯಲ್ಲಿ ರೇಷ್ಮೆ ಕ್ಷೇತ್ರವನ್ನು ತೆರೆದರು. ಟಾಟಾ ಸಿಲ್ಕ್ ಫಾರಂ ಎಂಬ ಬಡಾವಣೆಯ ಹೆಸರು ಅದರ ನೆನಪು. 1914ರಲ್ಲಿ ಮೈಸೂರು ಸರ್ಕಾರವು ಚನ್ನಪಟ್ಟಣದಲ್ಲಿ ರೇಷ್ಮೆ ಕ್ಷೇತ್ರವನ್ನು ಸ್ಥಾಪಿಸಿತು. ಮುಂದೆ ಬಿತ್ತನೆ ಕೋಠಿಗಳು ಹಬ್ಬಿದವು. 1920ರ ದಶಕದಲ್ಲಿ ಮೈಸೂರು ತಳಿಗೂ ಜಪಾನಿನ ತಳಿಗೂ ಮಾಡಿದ ಮಿಶ್ರತಳಿ ಬಂದು ಇಳುವರಿ ಹೆಚ್ಚಿತು.

ಈ ಸಣ್ಣ ಗಾಜಿನ ಉಪಕರಣವು ರೈತ ಕುಟುಂಬದಲ್ಲಿ ತಂದ ಬದಲಾವಣೆಯನ್ನು ತಾವು ಗಮನಿಸಬೇಕು. ಹಿಂದೆ ಬಿತ್ತನೆ ಗೂಡನ್ನು ಆರಿಸುತ್ತಿದ್ದುದು ಮನೆಯವರೇ. ಯಾವ ಗೂಡು ಗಟ್ಟಿ, ಯಾವ ಚಿಟ್ಟೆ ಚುರುಕು ಎಂಬುದನ್ನು ಗೃಹಿಣಿಯ ಕಣ್ಣು ನಿರ್ಣಯಿಸುತ್ತಿತ್ತು. ಆದರೆ ರೋಗದ ಕಣ ಬರಿಗಣ್ಣಿಗೆ ಕಾಣದು. ಹೀಗಾಗಿ ನಿರ್ಣಯವು ಮನೆಯಿಂದ ಕೋಠಿಗೆ, ತಾಯಿಯ ಕಣ್ಣಿನಿಂದ ಪರೀಕ್ಷಕನ ಕಣ್ಣಿಗೆ ದಾಟಿತು. ಮಿಶ್ರತಳಿಯ ಗೂಡನ್ನು ಮರಳಿ ಬಿತ್ತನೆಗೆ ಇಟ್ಟುಕೊಂಡರೆ ಗುಣ ನಿಲ್ಲದಾದುದರಿಂದ ಪ್ರತಿ ಬೆಳೆಗೂ ಮೊಟ್ಟೆಯನ್ನು ಕೊಳ್ಳಲೇಬೇಕಾಯಿತು. ರೈತನು ರೋಗದ ಭಯದಿಂದ ಬಹುಮಟ್ಟಿಗೆ ಪಾರಾದನು. ಅದೇ ಹೊತ್ತಿಗೆ ಬಿತ್ತನೆಗಾಗಿ ಪರಾಧೀನನೂ ಆದನು. ಲಾಭವನ್ನು ಅಲ್ಲಗಳೆಯಲಾಗದು, ತೆತ್ತ ಬೆಲೆಯನ್ನು ಮರೆಯಲೂ ಆಗದು. ಆದರೂ ಈ ಪರಾಧೀನತೆ ಸಹ್ಯವಾದುದೇಕೆ? ಕೋಠಿ ಸಾರ್ವಜನಿಕ ಹೊಣೆಗೆ ಒಳಪಟ್ಟಿತ್ತು. 1959ರ ಕಾಯಿದೆಯು ಮೊಟ್ಟೆ, ಗೂಡು ಮತ್ತು ನೂಲಿನ ವ್ಯವಹಾರವನ್ನು ನಿಯಂತ್ರಣಕ್ಕೆ ತಂದಿತು. ಅರಿವು ಕೈ ಬದಲಾಯಿಸಿದಾಗ ಹೊಣೆಯೂ ಜೊತೆಯಲ್ಲಿಯೇ ಹೋಗಬೇಕೆಂಬ ನ್ಯಾಯ ಅಲ್ಲಿ ಸ್ವಲ್ಪಮಟ್ಟಿಗಾದರೂ ಪಾಲನೆಯಾಯಿತು.

ಇನ್ನು ನಗರದ ಕಡೆಗೆ ಬರೋಣ. ಮಾಗಡಿ ರಸ್ತೆಯ ಸಮೀಪದ ಬಿನ್ನಿಪೇಟೆಗೆ ಹೆಸರು ಕೊಟ್ಟ ಗಿರಣಿಯು 1884ರಲ್ಲಿ ಆರಂಭವಾಗಿ, 1886ರಲ್ಲಿ ಬಿನ್ನಿ ಕಂಪನಿಯ ಆಡಳಿತಕ್ಕೆ ಬಂದಿತು. ಗುಂಡಿ ಮಗ್ಗದ ನೇಕಾರನ ದಿನ ಸೂರ್ಯನನ್ನೂ ಸಂತೆಯನ್ನೂ ಅನುಸರಿಸುತ್ತಿತ್ತು. ಹೆಂಡತಿ ಕಂಡಿಕೆ ಸುತ್ತುವಳು, ಮಕ್ಕಳು ಹಾಸಿಗೆ ನೆರವಾಗುವರು. ಇಡೀ ಮನೆಯೇ ಒಂದು ಮಗ್ಗ. ಗಿರಣಿಯಲ್ಲಿ ದುಡಿಯುವವನ ದಿನವನ್ನು ಆಳಿದುದು ಗಡಿಯಾರ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿಗೂ ಬಂದಿತು. ಬೀದಿಗೆ ಬೆಳಕಾಯಿತು, ಅದೇ ಬೆಳಕಿನಲ್ಲಿ ರಾತ್ರಿಯೂ ದುಡಿಮೆಯ ವೇಳೆಯಾಗುವ ಹಾದಿ ತೆರೆಯಿತು. ಕಾಲಕ್ರಮೇಣ ವಿದ್ಯುತ್ ಮಗ್ಗಗಳು ಮನೆಯೊಳಗೂ ಕಾಲಿಟ್ಟವು. ಲಾಳಿಯನ್ನು ಕೈಯಿಂದ ಎಸೆಯುವ ಶ್ರಮ ತಪ್ಪಿತು. ನೇಯುತ್ತ ಮಾತನಾಡುವ, ಹಾಡುವ ಅವಕಾಶವೂ ಸದ್ದಿನಲ್ಲಿ ತಪ್ಪಿಹೋಯಿತು. ದುಡಿಮೆಗೆ ಮಿತಿ ಹಾಕಲು ಕಾನೂನೇ ಬರಬೇಕಾಯಿತು: 1948ರ ಕಾರ್ಖಾನೆ ಕಾಯಿದೆ ವಾರಕ್ಕೆ 48 ಗಂಟೆಗಳ ಮಿತಿಯನ್ನು ವಿಧಿಸಿತು. ಯಂತ್ರಕ್ಕೆ ದಣಿವಿಲ್ಲ; ಆದುದರಿಂದ ಅದರ ಜೊತೆ ದುಡಿಯುವವನ ದಣಿವನ್ನು ಬೇರೆಯವರು ನೆನಪಿಡಬೇಕಾಗುತ್ತದೆ.

ಈಗ ಮೈಸೂರು ರಸ್ತೆಯ ಉದ್ದಕ್ಕೂ ಬೆಳಗಿನ ಹೊತ್ತು ಊಟದ ಡಬ್ಬಿ ಹಿಡಿದು ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ನಡೆಯುವ ಹೆಣ್ಣುಮಕ್ಕಳನ್ನು ತಾವು ಕಂಡಿರಬಹುದು. ವಿದ್ಯುತ್ ಹೊಲಿಗೆ ಯಂತ್ರದ ಮುಂದೆ ಒಬ್ಬಳು ಕಾಲರು, ಒಬ್ಬಳು ತೋಳು, ಒಬ್ಬಳು ಜೇಬು ಹೊಲಿಯುತ್ತಾಳೆ. ಗಂಟೆಗೆ ಇಷ್ಟೆಂದು ಗುರಿ ನಿಗದಿಯಾಗಿರುತ್ತದೆ. ಅವರಲ್ಲಿ ಅನೇಕರು ತಮ್ಮ ಮನೆಯಲ್ಲಿ ಮೊದಲ ಬಾರಿಗೆ ಸ್ವಂತ ಸಂಬಳವನ್ನು ಕೈಯಲ್ಲಿ ಹಿಡಿದವರು. ಯಂತ್ರ ತಂದ ಈ ಘನತೆಯನ್ನು ಯಾರೂ ಕೀಳ್ಗಳೆಯಬಾರದು. ಆದರೆ ಸೀರೆಯ ಕೊನೆಯ ಹೊಕ್ಕನ್ನು ಹಾಕಿ ಇದು ನನ್ನದೆಂದು ಮಡಿಸುತ್ತಿದ್ದ ನೇಕಾರನ ತೃಪ್ತಿ, ಜೇಬನ್ನು ಮಾತ್ರ ಹೊಲಿಯುವ ಈ ಮಗಳಿಗೆ ಲಭಿಸುವುದೇ?

ರೇಷ್ಮೆಯೂ ಇದೇ ದಾರಿಯಲ್ಲಿ ಬಂದಿದೆ. ಸ್ವಯಂಚಾಲಿತ ಬಿಚ್ಚಾಣಿಕೆ ಯಂತ್ರವು ನೂಲಿನ ದಪ್ಪವನ್ನು ತಾನೇ ಅಳೆದು ಹೊಸ ಗೂಡಿನ ಎಳೆಯನ್ನು ಸೇರಿಸುತ್ತದೆ. ಚರಕದವನ ಬೆರಳಿನ ವಿದ್ಯೆ ಈಗ ಯಂತ್ರದೊಳಗಿದೆ. ಬೆರಳು ಸುಡುವುದು ತಪ್ಪಿತಲ್ಲ ಎಂದು ನಾವು ಸಂತೋಷಪಡಬೇಕು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಕೂಗುವ ಹರಾಜಿನ ಬದಲು ಇ-ಹರಾಜು ಬಂದಿದೆ. ರೈತನು ತನ್ನ ಗೂಡಿಗೆ ಬಂದ ಬೆಲೆಯನ್ನು ತಾನೇ ನೋಡಬಲ್ಲನು. ಹಣ ಬ್ಯಾಂಕ್ ಖಾತೆಗೆ ಸೇರುತ್ತದೆ. ಇಲ್ಲಿ ಯಂತ್ರವು ದುರ್ಬಲನ ಪಕ್ಷ ವಹಿಸಿದೆ. ಆದರೆ ಪರದೆಯನ್ನು ಓದಲಾರದ ವೃದ್ಧ ರೈತನಿಗೆ ಮತ್ತೊಬ್ಬರ ಕಣ್ಣೇ ಗತಿ. ಸೂಕ್ಷ್ಮದರ್ಶಕದ ಕಾಲದ ಪ್ರಶ್ನೆ ಬೇರೊಂದು ವೇಷದಲ್ಲಿ ಮರಳಿ ಬಂದಿದೆ.

ಬಂಧುಗಳೇ, ಈ ಇತಿಹಾಸದಿಂದ ನಾವು ಗ್ರಹಿಸಬೇಕಾದುದು ಇಷ್ಟು. ಪ್ರತಿಯೊಂದು ಹೊಸ ಉಪಕರಣವೂ ಬಳಸುವವನ ಕೈಯಿಂದ ಒಂದು ಶ್ರಮವನ್ನು ಇಳಿಸುತ್ತದೆ. ಅದರ ಜೊತೆಗೆ ಒಂದು ಅರಿವನ್ನೂ ಒಯ್ಯುತ್ತದೆ. ಇಳಿದ ಶ್ರಮದ ಫಲ ಯಾರಿಗೆ ಸೇರಿತು, ಒಯ್ದ ಅರಿವಿಗೆ ಹೊಣೆ ಯಾರು ಎಂಬುದನ್ನು ಯಂತ್ರ ನಿರ್ಣಯಿಸುವುದಿಲ್ಲ. ಅದನ್ನು ನಿರ್ಣಯಿಸುವವರು ಮನುಷ್ಯರು. ನೇಯ್ಗೆಯನ್ನೇ ಕಾಯಕವಾಗಿಸಿಕೊಂಡ ಜೇಡರ ದಾಸಿಮಯ್ಯನವರ ಪರಂಪರೆಯವರಾದ ನಮಗೆ ಇದು ಹೊಸ ಮಾತೇನಲ್ಲ. ಕಾಯಕದಲ್ಲಿ ದುಡಿಯುವವನ ಮನಸ್ಸೂ ಪಾಲ್ಗೊಳ್ಳಬೇಕು, ಅದರ ಫಲ ದಾಸೋಹದಲ್ಲಿ ಹಂಚಿಕೆಯಾಗಬೇಕು.

ಓದುಗರಲ್ಲಿ ರಾಜಾಜಿನಗರ, ಕಾಮಾಕ್ಷಿಪಾಳ್ಯಗಳಲ್ಲಿ ಸಣ್ಣ ಕಾರ್ಖಾನೆ ನಡೆಸುವವರಿದ್ದೀರಿ, ಶಾಲೆ ನಡೆಸುವವರಿದ್ದೀರಿ. ಹೊಸ ಯಂತ್ರವನ್ನು ತರುವಾಗ ಅದರ ಬೆಲೆಯನ್ನು ವಿಚಾರಿಸಿದಂತೆಯೇ, ಅದರ ಮುಂದೆ ಕೂರುವವನಿಗೆ ಅದರ ಒಳಗನ್ನು ಕಲಿಸುವ ಏರ್ಪಾಡನ್ನೂ ಮಾಡಿರಿ. ಉಳಿದ ಹೊತ್ತಿನಲ್ಲಿ ಒಂದು ಪಾಲನ್ನು ಅವನಿಗೆ ಬಿಟ್ಟುಕೊಡಿರಿ. ಕೆಂಗೇರಿಯ ಉಗಿಯಂತ್ರ ಎಂದೋ ತಣ್ಣಗಾಯಿತು. ಅದು ಕಲಿಸಿದ ಪಾಠವನ್ನು ನಾವು ಆರಲು ಬಿಡದಿರೋಣ.