ಊರ ಟಿ.ವಿ.ಯಿಂದ ಅಂಗೈ ಮೊಬೈಲಿಗೆ: ನೇರ ಪ್ರಸಾರದ ಕಥೆ

ನಮ್ಮ ಶಾಲೆ ಶುರುವಾದ 1975ರಲ್ಲೇ ರಾಯಚೂರು ಜಿಲ್ಲೆಯ ಕೆಲವು ಹಳ್ಳಿಗಳಿಗೆ ಟಿ.ವಿ. ಬಂತು. ಮನೆಗಲ್ಲ, ಊರಿಗೆ. ‘ಸೈಟ್’ ಎಂಬ ಆ ಪ್ರಯೋಗದಲ್ಲಿ ಇಸ್ರೋ ಮತ್ತು ನಾಸಾ ಸೇರಿ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಒಂದು ವರ್ಷ ಕಾರ್ಯಕ್ರಮ ಮುಟ್ಟಿಸಿದವು. ಕೋಳಿಗೂಡಿಗೆ ಹೊಡೆಯುವ ತಂತಿಬಲೆಯಿಂದ ಮಾಡಿದ ಹತ್ತಡಿ ಅಗಲದ ಆಂಟೆನಾ, ಶಾಲೆಯಲ್ಲೋ ಪಂಚಾಯ್ತಿಯಲ್ಲೋ ಒಂದು ಪೆಟ್ಟಿಗೆ, ಎದುರಿಗೆ ಇಡೀ ಊರು. ತೋರಿಸಿದ್ದು ಹೆಚ್ಚಾಗಿ ಬೇಸಾಯ, ಆರೋಗ್ಯ, ಮಕ್ಕಳ ಪಾಠ. ಆಟ ನೋಡಲು ಜನ ಗುಂಪಾಗಿ ಕೂತದ್ದು ಆಮೇಲೆ.

1983ರ ಜೂನ್ 25ರಂದು ಲಾರ್ಡ್ಸ್‌ನ ಫೈನಲ್ ದೂರದರ್ಶನದಲ್ಲಿ ನೇರವಾಗಿ ಬಂತು. ಟಿ.ವಿ. ಇಲ್ಲದ ಊರುಗಳಿಗೆ ರೇಡಿಯೊ ಕಾಮೆಂಟರಿಯೇ ಗತಿ. ಅದಕ್ಕೆ ಒಂದು ವಾರ ಮೊದಲು ಜಿಂಬಾಬ್ವೆ ವಿರುದ್ಧ ಕಪಿಲ್ ದೇವ್ ಹೊಡೆದ 175 ರನ್ನಿನ ವಿಡಿಯೊ ಮಾತ್ರ ಎಲ್ಲೂ ಇಲ್ಲ. ಅಂದು ಮೈದಾನದಲ್ಲಿದ್ದವರಷ್ಟೇ ಪುಣ್ಯವಂತರು.

ನಮ್ಮ ಬ್ಯಾಚಿನವರಿಗೆ ನೆನಪಿರುವುದು 2003ರ ಮಾರ್ಚ್ 23, ಭಾನುವಾರ. ನಾನು ಒಂಬತ್ತನೇ ತರಗತಿ. ಜೋಹಾನ್ಸ್‌ಬರ್ಗ್ ಫೈನಲ್ಲಿಗೆಂದು ಪಿ.ಟಿ. ಸರ್ ಶಾಲೆಯ ವರಾಂಡದಲ್ಲಿ ಟಿ.ವಿ. ಇಡಿಸಿದ್ದರು. ಆಸ್ಟ್ರೇಲಿಯಾ 359 ಹೊಡೆಯಿತು. ಮೊದಲ ಓವರಿನಲ್ಲೇ ಸಚಿನ್ ಔಟ್. ಅಷ್ಟು ಮಂದಿ ಅಷ್ಟು ಸುಮ್ಮನಾಗಿದ್ದನ್ನು ನಾನು ಮತ್ತೆ ಕಂಡಿಲ್ಲ. ಅಷ್ಟರಲ್ಲಿ ಕರೆಂಟ್ ಹೋಯಿತು. ಯಾರೋ ಟ್ರ್ಯಾಕ್ಟರ್ ಬ್ಯಾಟರಿ ಬಿಚ್ಚಿ ತಂದರು, ಇನ್ಯಾರೋ ಹನ್ನೆರಡು ವೋಲ್ಟಿನ ಸಣ್ಣ ಕಪ್ಪುಬಿಳುಪು ಟಿ.ವಿ. ಒಬ್ಬ ಮಾಳಿಗೆ ಹತ್ತಿ ಆಂಟೆನಾ ತಿರುವುತ್ತ “ಬಂತೇನ್ರೋ?” ಅಂದರೆ ಕೆಳಗಿನಿಂದ ನೂರು ದನಿ. ಸೋತೆವು, 125 ರನ್ನಿನಿಂದ. ‘ಇಡೀ ಊರು’ ಎಂದು ಬರೆಯಲು ಕೈ ಬರುತ್ತದೆ. ಆದರೆ ನಮ್ಮ ತರಗತಿಯ ಒಬ್ಬ ಹುಡುಗಿಯೂ ಅಲ್ಲಿರಲಿಲ್ಲ. ಅಂದು ಅದು ನಮಗೆ ಹೊಳೆಯಲೇ ಇಲ್ಲ.

ಆ ಚಿತ್ರ ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಕ್ಕೆ ಹೋಗಿ ಇಳಿಯಲು ಕಾಲು ಸೆಕೆಂಡು ಸಾಕು. ನಂತರ ಗಾಳಿಯಲ್ಲಿ ಬರುವ ಸಿಗ್ನಲ್ಲನ್ನು ಎಲ್ಲ ಆಂಟೆನಾಗಳೂ ಹೆಚ್ಚುಕಡಿಮೆ ಒಂದೇ ಕ್ಷಣಕ್ಕೆ ಹಿಡಿಯುತ್ತಿದ್ದವು. ಆ ಓಣಿ ಈ ಓಣಿ ಒಟ್ಟಿಗೇ ಕೂಗುತ್ತಿದ್ದವು. ಮೊಬೈಲಿನದು ಬೇರೆ ಲೆಕ್ಕ. ವಿಡಿಯೊವನ್ನು ಕೆಲವು ಸೆಕೆಂಡುಗಳ ತುಂಡು ಮಾಡಿ, ಕುಗ್ಗಿಸಿ, ಅಲ್ಲಲ್ಲಿನ ಸರ್ವರಿಗೆ ಕಳಿಸಬೇಕು. ನಡುವೆ ನಿಲ್ಲದಿರಲೆಂದು ಫೋನು ಕೆಲವು ತುಂಡುಗಳನ್ನು ಮೊದಲೇ ಕೂಡಿಟ್ಟುಕೊಳ್ಳುತ್ತದೆ. ಹಾಗಾಗಿ ಇಪ್ಪತ್ತು ಮೂವತ್ತು ಸೆಕೆಂಡು ಹಿಂದುಳಿಯುವುದು ಮಾಮೂಲು. ಬಿ.ಇ. ಮುಗಿಸಿದ ಮೇಲೆ ನನ್ನ ಹೊಟ್ಟೆ ಹೊರೆಯುತ್ತಿರುವುದು ಈ ತಡವನ್ನು ಕಡಿಮೆ ಮಾಡುವ ಕೆಲಸವೇ.

2023ರ ನವೆಂಬರ್ 19ರ ಅಹಮದಾಬಾದ್ ಫೈನಲ್ಲನ್ನು ಒಂದೇ ಆ್ಯಪಿನಲ್ಲಿ ಏಕಕಾಲಕ್ಕೆ 5.9 ಕೋಟಿ ಮಂದಿ ನೋಡಿದರು. ಬೆಂಗಳೂರಿನ ರೂಮಿನಲ್ಲಿ ಒಬ್ಬನೇ ಕೂತಿದ್ದ ನಾನೂ ಆ ಲೆಕ್ಕದಲ್ಲಿದ್ದೆ. ಊರಿಂದ ಅಪ್ಪನ ಫೋನ್ ಬಂತು. ಅವರದು ಡಿಶ್ ಟಿ.ವಿ.

“ಕೊಹ್ಲಿ ಹ್ವಾದ್ನಲ್ಲೋ ತಮ್ಮಾ!”

ನನ್ನ ಫೋನಿನಲ್ಲಿ ಕಮಿನ್ಸ್ ಇನ್ನೂ ಓಡಿ ಬರುತ್ತಿದ್ದ.