ಪಟ್ಟಣದ ಸೆರೆಯಾಳು ಕಟ್ಟಿಸಿದ ಮಂದಿರ

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬೇಕೆಂದು ಗುರುಗಳು ಫೋನ್ ಮಾಡಿದಾಗ, ಸಾಫ್ಟ್‌ವೇರ್ ಕ್ಷೇತ್ರದ ಬಗ್ಗೆ ಮಕ್ಕಳಿಗೆ ಉಪಯೋಗವಾಗುವಂತೆ ಬರೆಯಿರಿ ಎಂದಿದ್ದರು. ಅದನ್ನು ಬರೆಯಬಲ್ಲವರು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಹೀಗಾಗಿ ನಮ್ಮ ಕೆ.ಆರ್.ಎಸ್.ನಿಂದ ಬಸ್ಸು ಹತ್ತಿದರೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಸಿಗುವ ಪಟ್ಟಣಕ್ಕೆ ಸಂಬಂಧಿಸಿದ ಒಂದು ಚರಿತ್ರೆಯನ್ನು ಬರೆಯುತ್ತಿದ್ದೇನೆ. ನಾವು ಓದಿದ ಸಮಾಜ ವಿಜ್ಞಾನದ ಪುಸ್ತಕದಲ್ಲಿ ಇದು ಇರಲಿಲ್ಲ.

ಮುಂಬೈಯ ಲೋಕಲ್ ರೈಲಿನಲ್ಲಿ ಓಡಾಡಿದವರಿಗೆ 'ಮಸ್ಜಿದ್' ಎಂಬ ಸ್ಟೇಷನ್ ಗೊತ್ತಿರುತ್ತದೆ. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಬಿಟ್ಟ ಮೇಲೆ ಸಿಗುವ ಮೊದಲ ಸ್ಟೇಷನ್ ಅದು. ಹೆಸರು ಕೇಳಿದರೆ ಅಲ್ಲೊಂದು ದೊಡ್ಡ ಮಸೀದಿ ಇರಬೇಕು ಅನ್ನಿಸುತ್ತದೆ. ಆ ಹೆಸರು ಬಂದದ್ದು ಯಹೂದಿಗಳ ಪ್ರಾರ್ಥನಾ ಮಂದಿರದಿಂದ. ಸುತ್ತಲಿನ ಜನ ಅದನ್ನು 'ಜೂನಿ ಮಸ್ಜಿದ್', ಅಂದರೆ ಹಳೇ ಮಸೀದಿ ಎಂದು ಕರೆಯುತ್ತಿದ್ದರು. ಅದನ್ನು 1796ರಲ್ಲಿ ಕಟ್ಟಿಸಿದವನು ಅದಕ್ಕೂ ಮುಂಚೆ ಶ್ರೀರಂಗಪಟ್ಟಣದಲ್ಲಿ ಸೆರೆಯಾಳಾಗಿದ್ದ. ಹೆಸರು ಸ್ಯಾಮುಯೆಲ್ ಎಝೆಕಿಯೆಲ್ ದಿವೇಕರ್. ಮರಾಠಿ ಬಾಯಲ್ಲಿ ಸಾಮಾಜಿ ಹಸಾಜಿ ದಿವೇಕರ್.

ಈ ಹೆಸರಿನಲ್ಲೇ ಒಂದು ಸಮುದಾಯದ ಕಥೆ ಅಡಗಿದೆ. ಸ್ಯಾಮುಯೆಲ್ ಎಂಬುದು ಸಾಮಾಜಿ ಆಯಿತು, ತಂದೆಯ ಹೆಸರು ಎಝೆಕಿಯೆಲ್ ಎಂಬುದು ಹಸಾಜಿ ಆಯಿತು. ದಿವೇಕರ್ ಎಂದರೆ ದಿವೆ ಎಂಬ ಊರಿನವನು. ನಾವು ಹೆಸರಿನ ಮುಂದೆ ಊರಿನ ಮತ್ತು ತಂದೆಯ ಇನಿಷಿಯಲ್ ಹಾಕಿಕೊಳ್ಳುವ ಹಾಗೆಯೇ. ಇವರು ಕೊಂಕಣ ಕರಾವಳಿಯ 'ಬೆನೆ ಇಸ್ರೇಲ್' ಜನ. ಬಹಳ ಹಿಂದೆ ಅಲಿಬಾಗ್ ಹತ್ತಿರದ ನವಗಾಂವ್ ಬಳಿ ಹಡಗೊಂದು ಒಡೆದು, ಏಳು ಗಂಡಸರು ಏಳು ಹೆಂಗಸರು ಬದುಕಿ ದಡ ಸೇರಿದರು, ಅವರ ಸಂತತಿ ನಾವು ಎಂದು ಅವರು ಹೇಳಿಕೊಳ್ಳುತ್ತಾರೆ. ಧರ್ಮಗ್ರಂಥಗಳು ಸಮುದ್ರದ ಪಾಲಾದವಂತೆ. ಹೀಬ್ರೂ ಭಾಷೆ ಮರೆತು ಮರಾಠಿ ಮನೆಮಾತಾಯಿತು. ಕಸುಬು ಗಾಣ. ಆದರೆ ಶನಿವಾರ ಮಾತ್ರ ಎತ್ತು ಕಟ್ಟುತ್ತಿರಲಿಲ್ಲ, ಏಕೆಂದರೆ ಅದು ಅವರ ವಿಶ್ರಾಂತಿಯ ದಿನ. ಅದಕ್ಕೇ ಊರಿನವರು ಅವರನ್ನು 'ಶನಿವಾರ ತೇಲಿ', ಶನಿವಾರದ ಗಾಣಿಗರು ಎಂದು ಕರೆದರು. ಭಾಷೆ ಹೋಗಿ, ಗ್ರಂಥ ಹೋಗಿ, ಒಂದು ದಿನದ ಬಿಡುವನ್ನು ಹಿಡಿದುಕೊಂಡು ಒಂದು ಜನಾಂಗ ನೂರಾರು ವರ್ಷ ತನ್ನತನ ಉಳಿಸಿಕೊಂಡಿತು. ನಮ್ಮ ಕಡೆ ಗಾಣ ಕಂಡವರಿಗೆ, ಎತ್ತು ಒಂದು ದಿನ ಸುಮ್ಮನೆ ನಿಂತರೆ ಆಗುವ ನಷ್ಟ ಎಷ್ಟೆಂದು ನಾನು ಹೇಳಬೇಕಾಗಿಲ್ಲ.

ಬ್ರಿಟಿಷರು ಮುಂಬೈಯಲ್ಲಿ ನೆಲೆಯೂರಿದ ಮೇಲೆ ಈ ಗಾಣಿಗರ ಮಕ್ಕಳು ಊರು ಬಿಟ್ಟು ಕಂಪನಿಯ ಸೈನ್ಯ ಸೇರಿದರು. ಸಾಮಾಜಿಯೂ ಸೇರಿ ದೇಶಿ ಕಮಾಂಡೆಂಟ್ ದರ್ಜೆಗೆ ಏರಿದ. ಆಗ ನಡೆದದ್ದು ಎರಡನೆಯ ಮೈಸೂರು ಯುದ್ಧ. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸ್ ಮುಂಬೈ ಸೈನ್ಯದೊಡನೆ ಬಂದು ಬಿದನೂರನ್ನು, ಎಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರವನ್ನು ಹಿಡಿದ. ಹೈದರಾಲಿ ತೀರಿಕೊಂಡು ಆಗಿನ್ನೂ ಎರಡು ತಿಂಗಳೂ ತುಂಬಿರಲಿಲ್ಲ. ಟಿಪ್ಪು ತಿರುಗಿ ಬಂದು ಕೆಲವೇ ತಿಂಗಳಲ್ಲಿ ಬಿದನೂರನ್ನು ಮರಳಿ ಪಡೆದ. ಮ್ಯಾಥ್ಯೂಸ್ ಸೆರೆಸಿಕ್ಕು ಪಟ್ಟಣದಲ್ಲೇ ಸತ್ತ. ಆ ಯುದ್ಧದಲ್ಲಿ ಮೈಸೂರಿನವರ ಕೈಗೆ ಸಿಕ್ಕ ಸಾವಿರಾರು ಸಿಪಾಯಿಗಳಲ್ಲಿ ಸಾಮಾಜಿಯೂ ಅವನ ಸಹೋದರ ಐಸಾಕನೂ ಇದ್ದರು.

ಪಟ್ಟಣದ ಬಂದೀಖಾನೆಯನ್ನು ನಮ್ಮ ಶಾಲೆಯ ಮಕ್ಕಳೆಲ್ಲ ಪ್ರವಾಸದಲ್ಲಿ ನೋಡಿದ್ದೇವೆ. ರಂಗನಾಥಸ್ವಾಮಿ ದೇವಸ್ಥಾನದಿಂದ ಕೋಟೆಯ ಉತ್ತರದ ಗೋಡೆಯ ಕಡೆಗೆ ನಡೆದರೆ ನೆಲಮಟ್ಟಕ್ಕಿಂತ ಕೆಳಗೆ ಸುಣ್ಣ ಬಳಿದ ಕಮಾನುಗಳ ಸಾಲು. ಗೋಡೆಗೆ ಕೂಡಿಸಿದ ಕಲ್ಲಿನ ಚಪ್ಪಡಿಗಳು, ಸರಪಳಿ ಕಟ್ಟಲು ಅವುಗಳಲ್ಲಿ ತೂತು. ನಡುವೆ ಒಂದು ಫಿರಂಗಿ. ಅದರ ಹೆಸರು ಕರ್ನಲ್ ಬೇಲಿ ಬಂದೀಖಾನೆ. ಬೇಲಿ 1780ರ ಪೊಲ್ಲಿಲೂರು ಯುದ್ಧದಲ್ಲಿ ಸೆರೆಯಾಗಿ 1782ರಲ್ಲಿ ಪಟ್ಟಣದಲ್ಲೇ ಸತ್ತವನು. ಅವನ ಜೊತೆ ಸೆರೆಯಾಗಿ ಮೂರೂವರೆ ವರ್ಷ ಬಂದಿಯಾಗಿದ್ದ ಡೇವಿಡ್ ಬೇರ್ಡ್ 1799ರ ಮೇ 4ರಂದು ಇದೇ ಕೋಟೆಗೆ ನುಗ್ಗಿದ ದಂಡಿನ ಮುಂದಾಳಾಗಿದ್ದ. ಈ ದೊರೆಗಳ ಹೆಸರು ನಮಗೆ ಬಾಯಿಪಾಠ. ಅವರ ಕೈಕೆಳಗೆ ದುಡಿದು, ಅವರೊಡನೆ ಸಿಕ್ಕಿಬಿದ್ದ ಕಂದುಬಣ್ಣದ ಸಿಪಾಯಿಗಳ ಒಂದು ಹೆಸರೂ ನಮಗೆ ಬರುವುದಿಲ್ಲ. ನನಗೆ ಗೊತ್ತಾದ ಮೊದಲ ಹೆಸರೇ ಸಾಮಾಜಿಯದು, ಅದೂ ಮುಂಬೈಯಲ್ಲಿ.

ಸಾಮಾಜಿ ಬದುಕಿದ್ದು ಹೇಗೆ ಎಂಬುದಕ್ಕೆ ಬೆನೆ ಇಸ್ರೇಲರಲ್ಲಿ ತಲೆಮಾರುಗಳಿಂದ ಬಂದ ಕಥೆಯೊಂದಿದೆ. ಸೆರೆಯಾಳುಗಳನ್ನು ಸಾಲಾಗಿ ನಿಲ್ಲಿಸಿ ನಿನ್ನ ಜಾತಿ ಯಾವುದು, ಧರ್ಮ ಯಾವುದು ಎಂದು ಕೇಳಿದರಂತೆ. ಸಾಮಾಜಿ 'ಬೆನೆ ಇಸ್ರೇಲ್' ಎಂದನಂತೆ. ಟಿಪ್ಪುವಿನ ತಾಯಿಗೆ ಆ ಮಾತು ಕಿವಿಗೆ ಬಿತ್ತು. ಕುರಾನಿನಲ್ಲಿ 'ಬನೀ ಇಸ್ರಾಯೀಲ್' ಎಂಬ ಹೆಸರು ಅನೇಕ ಕಡೆ ಬರುತ್ತದೆ, 17ನೆಯ ಅಧ್ಯಾಯಕ್ಕೆ ಆ ಹೆಸರೂ ಇದೆ. ಗ್ರಂಥದಲ್ಲಿ ಓದಿದ ಜನವನ್ನು ಕಣ್ಣಾರೆ ಕಂಡದ್ದು ಇದೇ ಮೊದಲು, ಇವರನ್ನು ಉಳಿಸು ಎಂದು ಆಕೆ ಮಗನಿಗೆ ಹೇಳಿದಳಂತೆ.

ಇದು ನಡೆದದ್ದು ನಿಜವೇ? ಕಾಗದಪತ್ರಗಳ ಲೆಕ್ಕದಲ್ಲಿ ನೋಡಿದರೆ ಬಿಡುಗಡೆಗೆ ಬೇರೆ ಕಾರಣವೂ ಇದೆ. 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು, ಎರಡೂ ಕಡೆಯವರು ಸೆರೆಯಾಳುಗಳನ್ನು ಬಿಡಬೇಕಾಯಿತು. ಸಾಮಾಜಿಯೂ ಆ ಒಪ್ಪಂದದ ಪ್ರಕಾರವೇ ಹೊರಬಂದಿರುವ ಸಾಧ್ಯತೆ ಹೆಚ್ಚು ಎಂದು ನನ್ನ ಎಣಿಕೆ. ಆದರೂ ಒಂದು ಮಾತು. ಸೆರೆಯಿಂದ ಬಂದ ಇಂಗ್ಲಿಷ್ ಅಧಿಕಾರಿಗಳು ಪಟ್ಟಣದ ಕ್ರೌರ್ಯವನ್ನು ಪುಸ್ತಕಗಳಲ್ಲಿ ಬರೆದರು. ಅದೇ ಕಾಲದಲ್ಲಿ ಅದೇ ಊರಿನಲ್ಲಿ ಸೆರೆಯಿದ್ದ ಈ ಸಿಪಾಯಿಯ ಮನೆಯವರು ನೆನಪಿಟ್ಟುಕೊಂಡದ್ದು ಒಬ್ಬ ತಾಯಿಯ ಕರುಣೆಯನ್ನು. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡೇ ನಾವು ಓದಬೇಕು. ಟಿಪ್ಪು ಹೆಸರೆತ್ತಿದರೆ ಈಗ ನಮ್ಮ ತಾಲ್ಲೂಕಿನ ಟೀ ಅಂಗಡಿಗಳಲ್ಲೇ ಎರಡು ಗುಂಪಾಗುತ್ತದೆ. ಈ ಕಥೆಯನ್ನು ಎರಡು ಗುಂಪಿನವರೂ ಹೇಳಿದ್ದನ್ನು ನಾನು ಕೇಳಿಲ್ಲ.

ಬಿಡುಗಡೆಯಾದ ಸಾಮಾಜಿ ಕೊಚ್ಚಿಗೆ ಹೋದ. ಅಲ್ಲಿನ ಮಟ್ಟಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಯಹೂದಿ ಪ್ರಾರ್ಥನಾ ಮಂದಿರ ಇಂದಿಗೂ ಇದೆ. ಪಕ್ಕದಲ್ಲೇ ಅರಮನೆ ಮತ್ತು ದೇವಸ್ಥಾನ. ಸಾಮಾಜಿ ಹೋಗುವ ಹೊತ್ತಿಗೆ 1760ರ ಗಡಿಯಾರದ ಗೋಪುರವೂ ಎದ್ದಿತ್ತು. ಒಳಗೆ ಚೀನಾದಿಂದ ತಂದ ನೀಲಿ ಬಿಳಿ ಹಂಚಿನ ನೆಲ, ತೂಗುವ ಗಾಜಿನ ದೀಪಗಳು, ಚರ್ಮದ ಸುರುಳಿಯ ಮೇಲೆ ಕೈಯಲ್ಲಿ ಬರೆದ ತೋರಾ ಗ್ರಂಥ. ಮನೆಯ ಪಡಸಾಲೆಯಲ್ಲಿ ಪ್ರಾರ್ಥನೆ ಮಾಡಿಯೇ ಗೊತ್ತಿದ್ದ ಕೊಂಕಣದ ಮನುಷ್ಯನಿಗೆ, ತನ್ನ ಜನ ಕಳೆದುಕೊಂಡದ್ದೆಲ್ಲ ಅಲ್ಲಿ ಒಂದೇ ಕಡೆ ಕಂಡಿರಬೇಕು. ಬದುಕಿ ಮನೆ ಸೇರಿದರೆ ನಮ್ಮವರಿಗೂ ಇಂಥದ್ದೊಂದು ಕಟ್ಟಿಸುತ್ತೇನೆ ಎಂಬ ಹರಕೆ ಹೊತ್ತಿದ್ದನಂತೆ. ಮುಂಬೈಯ ಮಾಂಡವಿಯಲ್ಲಿ 1796ರಲ್ಲಿ ಹರಕೆ ತೀರಿಸಿದ. ಬೆನೆ ಇಸ್ರೇಲರ ಮೊದಲ ಮಂದಿರ ಅದು. ಮಾರನೆಯ ವರ್ಷವೇ ತೀರಿಕೊಂಡ. ಮಂದಿರಕ್ಕೆ ತೋರಾ ತರಲು ಕೊಚ್ಚಿಗೆ ಹೋಗಿದ್ದಾಗ ಅಲ್ಲಿಯೇ ಸತ್ತನೆಂದು ಹೇಳುತ್ತಾರೆ. 1860ರಲ್ಲಿ ಮಂದಿರ ಈಗಿನ ಜಾಗಕ್ಕೆ ಬಂತು. ಆ ಬೀದಿಗೆ ಅವನ ಹೆಸರೇ ಇದೆ, ಸ್ಯಾಮುಯೆಲ್ ಸ್ಟ್ರೀಟ್. ಮಂದಿರವನ್ನು ನೂರು ವರ್ಷ ಸಾಮಾಜಿ ಹಸಾಜಿಯ ಮಂದಿರ ಎಂದೇ ಕರೆದರು. 1896ರಲ್ಲಿ 'ಶಾರ್ ಹಾರಹಮೀಮ್' ಎಂಬ ಹೆಸರು ಬಂತು. ಹೀಬ್ರೂ ಭಾಷೆಯಲ್ಲಿ ಹಾಗೆಂದರೆ ಕರುಣೆಯ ಬಾಗಿಲು.

ಕಂಪನಿಯ ಕೆಲಸದ ಮೇಲೆ ಮುಂಬೈಗೆ ಹೋದಾಗ ಒಂದು ಭಾನುವಾರ ಅಲ್ಲಿಗೆ ಹೋಗಿದ್ದೆ. ತಲೆಹೊರೆ, ಕೈಗಾಡಿ, ಸಗಟು ಅಂಗಡಿಗಳ ನೂಕುನುಗ್ಗಲಿನ ಬೀದಿ. 2008ರ ದಾಳಿಯಲ್ಲಿ ನಾರಿಮನ್ ಹೌಸಿನ ಯಹೂದಿಗಳನ್ನು ಕೊಂದ ಮೇಲೆ ಇಂಥ ಜಾಗಗಳಿಗೆ ಹಾಗೇ ನುಗ್ಗುವಂತಿಲ್ಲ. ಮೊದಲೇ ಕೇಳಿಕೊಂಡು ಗುರುತಿನ ಚೀಟಿ ಇಟ್ಟುಕೊಂಡು ಹೋಗಬೇಕು. ಬಾಗಿಲಲ್ಲಿ ತಲೆಗೆ ಇಟ್ಟುಕೊಳ್ಳಲು ಚಿಕ್ಕ ಟೋಪಿ ಕೊಟ್ಟರು. ಒಳಗೆ ಹೋದರೆ ಬೀದಿಯ ಗದ್ದಲ ಕೇಳಿಸುವುದಿಲ್ಲ. ನಡುವೆ ಮರದ ಕಟಕಟೆಯ ಎತ್ತರದ ಜಗಲಿ, ಅಲ್ಲಿ ನಿಂತು ಗ್ರಂಥ ಓದುತ್ತಾರೆ. ಮಹಡಿಯಲ್ಲಿ ಹೆಂಗಸರಿಗೆ ಜಾಗ. ಜೆರೂಸಲೇಮ್ ಇರುವ ಪಶ್ಚಿಮ ದಿಕ್ಕಿಗೆ ಗ್ರಂಥದ ಕಪಾಟು, ಅದರ ಮುಂದೆ ಪರದೆ. ಮೂರ್ತಿಯಿಲ್ಲ, ಚಿತ್ರವಿಲ್ಲ. ಗರ್ಭಗುಡಿಯಲ್ಲಿ ಒಂದು ಪುಸ್ತಕವಿದೆ ಅಂದುಕೊಳ್ಳಿ.

ನನ್ನನ್ನು ಕರೆದುಕೊಂಡು ತೋರಿಸಿದವರು ನಿವೃತ್ತರಾದ ಒಬ್ಬ ಹಿರಿಯರು. ಯಾವೂರು ಎಂದು ಹಿಂದಿಯಲ್ಲಿ ಕೇಳಿದರು. ಶ್ರೀರಂಗಪಟ್ಟಣದ ಹತ್ತಿರ ಎಂದೆ. ಅವರು ತೋರಿಸುತ್ತಿದ್ದುದನ್ನು ನಿಲ್ಲಿಸಿ, "ಬಾ ಮಗಾ, ಕೂತ್ಕೋ ಮೊದಲು" ಎಂದು ಬೆಂಚಿನ ಮೇಲೆ ಕೂರಿಸಿ ಟೀ ತರಿಸಿದರು. ಬೀಗ ತೆಗೆದು ಸಾಮಾಜಿಯನ್ನು ಬಿಟ್ಟವನು ನಾನೇ ಏನೋ ಎನ್ನುವ ಹಾಗಿತ್ತು ಅವರ ಉಪಚಾರ! ಸಾಮಾಜಿಯ ಕಥೆಯನ್ನು ಅಜ್ಜಿ ಹೇಳುತ್ತಿದ್ದ ಹಾಗೆಯೇ ಹೇಳಿದರು. ಮಲೀದಾ ಎಂಬ ಅವರ ಹರಕೆಯ ಪೂಜೆಯನ್ನೂ ವಿವರಿಸಿದರು. ನೆನೆಸಿದ ಅವಲಕ್ಕಿಗೆ ತೆಂಗಿನತುರಿ, ಸಕ್ಕರೆ, ಏಲಕ್ಕಿ, ದ್ರಾಕ್ಷಿ ಬೆರೆಸಿ, ತಟ್ಟೆಯ ಸುತ್ತ ಹಣ್ಣು ಜೋಡಿಸಿ, ಎಲಿಯಾಹು ಎಂಬ ಪ್ರವಾದಿಯನ್ನು ನೆನೆದು ಎಲ್ಲರೂ ಹಂಚಿ ತಿನ್ನುತ್ತಾರೆ. ಮದುವೆಗೆ, ಹೊಸ ಮನೆಗೆ, ಕಾಯಿಲೆ ವಾಸಿಯಾದುದಕ್ಕೆ ಇದು ಬೇಕೇ ಬೇಕು. ಬೇರೆ ದೇಶದ ಯಹೂದಿಗಳಲ್ಲಿ ಈ ಅವಲಕ್ಕಿ ಇಲ್ಲವಂತೆ. ನಮ್ಮ ಕೃಷ್ಣಾಷ್ಟಮಿಯ ಪ್ರಸಾದ ನೆನಪಾಯಿತು, ಅವರಿಗೂ ಹೇಳಿದೆ.

ಯಹೂದಿ ಮಂದಿರ ಪ್ರಾರ್ಥನೆಗೆ ಮಾತ್ರ ಇರುವ ಜಾಗವಲ್ಲ ಎಂದು ಅಲ್ಲಿ ಕುಳಿತಾಗ ತಿಳಿಯಿತು. ಹೀಬ್ರೂವಿನಲ್ಲಿ ಅದರ ಹೆಸರಿಗೆ 'ಸೇರುವ ಮನೆ' ಎಂದೇ ಅರ್ಥ. ಯುರೋಪಿನ ಯಹೂದಿಗಳು ಅದನ್ನು 'ಶುಲ್', ಅಂದರೆ ಶಾಲೆ ಎನ್ನುತ್ತಾರೆ. ಮಂದಿರವಾದ ಮೇಲೆ ಕೊಂಕಣದವರಿಗೆ ಓದು ಬಂತು. 19ನೆಯ ಶತಮಾನದಲ್ಲಿ ಕೊಚ್ಚಿಯಿಂದ ಗುರುಗಳು ಬಂದು ಪ್ರಾರ್ಥನೆ, ಆಚರಣೆ ಕಲಿಸಿದರು. 1875ರಲ್ಲಿ ಹಾಯಿಮ್ ಸ್ಯಾಮುಯೆಲ್ ಕೆಹಿಮ್ಕರ್ ಎಂಬುವರು ಮುಂದೆ ನಿಂತು ಸಮುದಾಯದ ಮಕ್ಕಳಿಗೆ ಮುಂಬೈಯಲ್ಲಿ ಶಾಲೆ ತೆರೆದರು. ಅದು ಈಗ ಮಜಗಾಂವ್‌ನಲ್ಲಿರುವ ಸರ್ ಎಲಿ ಕದೂರಿ ಶಾಲೆ. ಬೆನೆ ಇಸ್ರೇಲರ ಚರಿತ್ರೆಯನ್ನು 1897ರಲ್ಲಿ ಬರೆದು ಮುಗಿಸಿದವರೂ ಇದೇ ಕೆಹಿಮ್ಕರ್. ಪುಸ್ತಕ ಅಚ್ಚಾಗುವ ಹೊತ್ತಿಗೆ 1937 ಆಗಿತ್ತು. ಸಾಮಾಜಿಯ ಕಥೆ ಇಂದು ನಮಗೆ ಸಿಗುತ್ತಿರುವುದು ಒಬ್ಬ ಶಾಲೆ ಕಟ್ಟಿದವರು ಅದನ್ನು ಬರೆದಿಟ್ಟಿದ್ದರಿಂದ.

1948ರಲ್ಲಿ ಇಸ್ರೇಲ್ ದೇಶ ಆದ ಮೇಲೆ ಹೆಚ್ಚಿನವರು ಅಲ್ಲಿಗೆ ಹೊರಟರು. ಅಲ್ಲಿಂದ 'ಮಾಯಬೋಲಿ' ಎಂಬ ಮರಾಠಿ ಪತ್ರಿಕೆ ತಂದರು. ಇಲ್ಲಿ ಉಳಿದಿರುವ ಯಹೂದಿಗಳು ಇಡೀ ದೇಶದಲ್ಲಿ ನಾಲ್ಕೈದು ಸಾವಿರ. ಅವರು ಕಟ್ಟಿದ ಶಾಲೆಯ ಬೆಂಚುಗಳಲ್ಲಿ ಈಗ ಹೆಚ್ಚಾಗಿ ಮುಸ್ಲಿಂ ಮಕ್ಕಳು ಕೂತು ಓದುತ್ತಾರೆ. ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಗಂಡಸರು ಸೇರಬೇಕೆಂಬ ನಿಯಮವಿದೆ. "ಹಬ್ಬದ ದಿನ ಜಾಗ ಸಾಲದು, ಬೇರೆ ದಿನ ಹತ್ತು ಜನಕ್ಕೆ ಫೋನ್ ಮಾಡಬೇಕು" ಎಂದು ಹಿರಿಯರು ನಕ್ಕರು.

ನಮ್ಮ ಸೀಮೆಯ ಇನ್ನೊಂದು ಸಂಗತಿಯನ್ನು ನಾನೇ ಅವರಿಗೆ ಹೇಳಿದೆ. ಬೆಂಗಳೂರಿನಲ್ಲಿ ಯಹೂದಿ ಮಂದಿರವಿಲ್ಲ, ಆದರೆ ಮೈಸೂರು ರಸ್ತೆಯಲ್ಲಿ ಒಂದು ಚಿಕ್ಕ ಯಹೂದಿ ಸ್ಮಶಾನವಿದೆ. 1904ರಲ್ಲಿ ಆ ಜಾಗ ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ನಮ್ಮ ಅಣೆಕಟ್ಟಿಗೆ ಯಾರ ಹೆಸರಿದೆಯೋ ಅವರೇ.

ಹೊರಡುವಾಗ ಹಿರಿಯರು ಒಂದು ಮಾತು ಕೇಳಿದರು. "ಆ ಸೆರೆಮನೆಯ ಹತ್ತಿರ ನಮ್ಮ ಸಾಮಾಜಿಯ ಹೆಸರು ಏನಾದರೂ ಬರೆದಿದ್ದಾರಾ?" ಇಂಗ್ಲಿಷ್ ಅಧಿಕಾರಿಗಳ ಹೆಸರಿದೆ ಎಂದೆ. ಅವರೇನೂ ಬೇಸರ ಮಾಡಿಕೊಳ್ಳಲಿಲ್ಲ, ಒಂದು ಫೋಟೋ ಕಳಿಸು ಸಾಕು ಎಂದರು. ದಸರಾಕ್ಕೆ ಊರಿಗೆ ಬಂದಾಗ ಮಗಳನ್ನು ಕರೆದುಕೊಂಡು ಪಟ್ಟಣಕ್ಕೆ ಹೋಗಿ ಕಮಾನುಗಳದು, ತೂತಿನ ಕಲ್ಲುಗಳದು, ಪಕ್ಕದಲ್ಲಿ ಹರಿಯುವ ಕಾವೇರಿಯದು ಎಲ್ಲ ಸೇರಿ ಹದಿನಾಲ್ಕು ಫೋಟೋ ಕಳಿಸಿದೆ. ಹೊಳೆಯ ಫೋಟೋವನ್ನು ದೊಡ್ಡದಾಗಿ ಅಚ್ಚು ಹಾಕಿಸುತ್ತೇನೆ, ಮುಂದಿನ ಮಲೀದಾ ದಿನ ಎಲ್ಲರಿಗೂ ತೋರಿಸಬೇಕು ಎಂದು ಮಾರುತ್ತರ ಬಂತು.