ನಮ್ಮ ಪದಗಳೊಳಗಿನ ಆರು ಚಕ್ರ

ನಮ್ಮ ಕಡೆ ಭಜನಿ ಪದ ಹಾಡುವವರಿಗೆ ಆರು ಚಕ್ರ ಅನ್ನುವುದು ಹೊಸ ಮಾತಲ್ಲ. ಸೋಮವಾರ ರಾತ್ರಿ ಏಕತಾರಿ, ದಮ್ಮಡಿ, ತಾಳ ತಗೊಂಡು ಕೂತರೆ ಎರಡನೆಯ ಪದಕ್ಕೋ ಮೂರನೆಯ ಪದಕ್ಕೋ ಆಧಾರ ಚಕ್ರ ಬಂದೇ ಬರತದ. ಮೂರು ನದಿ ಕೂಡುವ ಜಾಗ, ಆರು ಅಂತಸ್ತಿನ ಮನಿ, ಒಂಬತ್ತು ಬಾಗಿಲಿನ ಊರು, ಇವೆಲ್ಲ ನಮ್ಮ ದೇಹಕ್ಕೇ ಇಟ್ಟ ಹೆಸರುಗಳು. ಆದರೆ ಈಗ ಪ್ಯಾಟಿಯೊಳಗ ‘ಚಕ್ರ ಸಮತೋಲನ ಶಿಬಿರ’ ಅಂತ ಬೋರ್ಡು ಹಚ್ಚಿದ್ದನ್ನು ನೋಡಿ ನಮ್ಮೂರ ಹುಡುಗರು ಇದು ಎಲ್ಲಿಂದಲೋ ಬಂದ ಹೊಸ ವಿದ್ಯಾ ಅಂತ ತಿಳಿದಾರ. ರೊಕ್ಕ ಕೊಟ್ಟು ಕಲಿತು ಬಂದು ನಮಗೇ ಹೇಳತಾರ. ಹೇಳಲಿ, ಬೇಡ ಅನ್ನೋದಿಲ್ಲ. ಆದರೆ ಈ ಮಾತು ನಮ್ಮ ಹೊಲ-ಮನೆಗೆ ಯಾವ ದಾರಿಯಿಂದ ಬಂತು ಅನ್ನುವುದನ್ನು ಯಾರಾದರೂ ಬರೆದಿಡಬೇಕಲ್ಲ.

ಹನ್ನೆರಡನೆಯ ಶತಮಾನಕ್ಕೆ ಹೋಗಬೇಕು. ಕಲ್ಯಾಣದ ಶರಣರಲ್ಲಿ ಚನ್ನಬಸವಣ್ಣನವರು ಈ ವಿಷಯದಲ್ಲಿ ಬಹಳ ತಿಳಿದವರು. ದೇಹದ ರಚನೆಯನ್ನು ಬಿಡಿಸಿ ಹೇಳುವ ‘ಕರಣಹಸಿಗೆ’ ಅವರ ಹೆಸರಿನಲ್ಲೇ ಇದೆ. ಆರು ಚಕ್ರಗಳಿಗೆ ಆರು ಲಿಂಗಗಳನ್ನು ಶರಣರು ಜೋಡಿಸಿದರು. ಆಧಾರದಲ್ಲಿ ಆಚಾರಲಿಂಗ, ಸ್ವಾಧಿಷ್ಠಾನದಲ್ಲಿ ಗುರುಲಿಂಗ, ಮಣಿಪೂರಕದಲ್ಲಿ ಶಿವಲಿಂಗ, ಎದೆಯ ಅನಾಹತದಲ್ಲಿ ಜಂಗಮಲಿಂಗ, ಕೊರಳಿನ ವಿಶುದ್ಧಿಯಲ್ಲಿ ಪ್ರಸಾದಲಿಂಗ, ಹುಬ್ಬಿನ ನಡುವಿನ ಆಜ್ಞೆಯಲ್ಲಿ ಮಹಾಲಿಂಗ. ಇಲ್ಲಿ ಒಂದು ಮಾತು ಗಮನಿಸಬೇಕು. ಮೊದಲ ಮೆಟ್ಟಿಲಿಗೆ ‘ಆಚಾರ’ ಅಂತ ಹೆಸರು. ಅಂದರೆ ನಡತೆ ಸರಿ ಇಲ್ಲದವನು ಮೂಗು ಹಿಡಿದು ಕೂತರೆ ಕೆಳಗಿನ ಮೆಟ್ಟಿಲೇ ಏರಿದ ಹಾಗಾಗಲಿಲ್ಲ. ಶಿಬಿರದ ಕಾಗದದಲ್ಲಿ ಈ ಮಾತು ನನಗೆ ಕಾಣಲಿಲ್ಲ.

ಸೊನ್ನಲಿಗೆಯ ಸಿದ್ಧರಾಮನ ಕಥೆ ಎಲ್ಲರಿಗೂ ಗೊತ್ತು. ಅದೇ ಇಂದಿನ ಸೊಲ್ಲಾಪುರ. ಕೆರೆ ತೋಡಿಸುತ್ತಿದ್ದ ಸಿದ್ಧರಾಮನ ಬಳಿಗೆ ಅಲ್ಲಮಪ್ರಭು ಬಂದು, ಮಣ್ಣು ಅಗೆಯುವವನೇ ಎಂದು ಹೀಯಾಳಿಸಿ, ಹೊರಗಿನ ಕೆರೆ ಸಾಕು, ಒಳಗೆ ನೋಡು ಎಂದು ಕಲ್ಯಾಣಕ್ಕೆ ಕರೆದುಕೊಂಡು ಹೋದನೆಂದು ಶೂನ್ಯಸಂಪಾದನೆ ಹೇಳುತ್ತದೆ. ಪದದಲ್ಲಿ ನಾವು ಅಲ್ಲಮನ ಪರವಾಗಿಯೇ ಹಾಡುತ್ತೇವೆ. ಆದರೆ ಖರೇ ಹೇಳಬೇಕಂದರೆ ನಾನು ಒಕ್ಕಲಿಗ, ನನ್ನ ಮನಸ್ಸು ಕೆರೆಯ ಕಡೆ. ಆ ಕೆರೆಯೊಳಗಿನ ಗುಡಿಗೆ ಇವತ್ತಿಗೂ ಮಂದಿ ನಡೀತಾರ.

ವಚನದಿಂದ ಹಾಡಿಗೆ ಇದು ಇಳಿದದ್ದು ತತ್ವಪದಕಾರರ ಕಾಲದಲ್ಲಿ. ಶಿಶುನಾಳ ಶರೀಫರು (1819–1889) ಮಳೆಗೆ ಸೋರುವ ಮನೆಯನ್ನು ಹಾಡಿದರೂ ಅದು ದೇಹವೇ. ಅಕ್ಷರ ಬಾರದವನಿಗೂ ಮನಿ, ಗಿರಣಿ, ಬಾವಿ ಗೊತ್ತು. ಅದರ ಮೇಲೆ ಯೋಗ ಹೇಳಿದರು. ಚಕ್ರಗಳ ದಳದ ಲೆಕ್ಕವನ್ನು ನನಗೆ ಕಲಿಸಿದ್ದು ಪುಸ್ತಕವಲ್ಲ, ಪದ. ಕೆಳಗಿನಿಂದ 4, 6, 10, 12, 16, 2. ಕೂಡಿಸಿದರೆ 50. ಸಂಸ್ಕೃತದ ಅಕ್ಷರಗಳ ಲೆಕ್ಕವೂ ಅಷ್ಟೇ, ಒಂದೊಂದು ದಳಕ್ಕೆ ಒಂದೊಂದು ಅಕ್ಷರ. ಹಾಗೆಯೇ ಉಸಿರಿನ ಲೆಕ್ಕ: ಹಗಲು ರಾತ್ರಿ ಸೇರಿ 21,600. ನಿಮಿಷಕ್ಕೆ 15 ಹಿಡಿದು ಗುಣಿಸಿ ನೋಡ್ರಿ, ಸರಿ ಬರತದ. ಗಡಿಯಾರ ಇಲ್ಲದ ಮಂದಿ ಮಾಡಿದ ಲೆಕ್ಕ ಇದು.

ನಮ್ಮ ಕಡೆ ಇನ್ನೊಂದು ಪರಂಪರೆ ಇದೆ. ಜತ್ತ ತಾಲೂಕಿನ ಉಮದಿಯ ಭಾವುಸಾಹೇಬ ಮಹಾರಾಜರು (1843–1914) ವಿಜಯಪುರ ಜಿಲ್ಲೆಯ ಇಂಚಗೇರಿಯಲ್ಲಿ ಮಠ ಕಟ್ಟಿದರು. ನಾಮವನ್ನು ಉಸಿರಿಗೆ ಕೂಡಿಸಿ ತಾಸುಗಟ್ಟಲೆ ಕೂಡುವುದು ಅವರ ದಾರಿ. ಅದಕ್ಕೆ ಇರುವೆಯ ದಾರಿ ಅಂತಾರ, ಮೆಲ್ಲಗೆ ಗಿಡ ಹತ್ತುವುದು. ಅವರ ಶಿಷ್ಯ ಸಿದ್ಧರಾಮೇಶ್ವರ ಮಹಾರಾಜರು (1888–1936) ಇದು ಸಂಸಾರಸ್ಥರಿಗೆ ಬಹಳ ದೂರವೆಂದು ವಿಚಾರದ ದಾರಿ ಹಿಡಿದರು. ಅದು ಹಕ್ಕಿಯ ದಾರಿ, ಹಾರಿ ಹೋಗಿ ಹಣ್ಣಿನ ಮೇಲೇ ಕೂಡುವುದು. ಕೊಲ್ಲಾಪುರದ ಬದಿಯ ಕಣೇರಿ ಮಠದ ಕಾಡಸಿದ್ಧೇಶ್ವರರು (1905–2001) ಈ ಸಿದ್ಧರಾಮೇಶ್ವರರ ಶಿಷ್ಯರು. ಜಮಖಂಡಿಯಲ್ಲಿ ಹುಟ್ಟಿದ ಗುರುದೇವ ರಾನಡೆಯವರು (1886–1957) ಭಾವುಸಾಹೇಬರ ಶಿಷ್ಯರಾಗಿ ನಿಂಬಾಳದಲ್ಲಿ ಇರುವೆಯ ದಾರಿಯನ್ನೇ ನಡೆಸಿದರು. ಒಂದೇ ಗುರುವಿನ ಶಿಷ್ಯರಲ್ಲಿ ಎರಡು ದಾರಿ. ಇಬ್ಬರೂ ಬಣ್ಣದ ಕಲ್ಲು ಮಾರಲಿಲ್ಲ.

ನಾಂದಣಿ ಅಂದಮೇಲೆ ಜೈನರ ಮಾತು ಬಿಡುವ ಹಾಗಿಲ್ಲ. ಇಲ್ಲಿ ಜಿನಸೇನ ಭಟ್ಟಾರಕರ ಮಠವಿದೆ. ನಮ್ಮ ಓಣಿಯ ಜೈನ ಒಕ್ಕಲಿಗರು ಸಂಜೆ ಕಾಯೋತ್ಸರ್ಗ ಮಾಡುವಾಗ ಉಸಿರು ಎಣಿಸುತ್ತಾರೆ. ಣಮೋಕಾರದ ಐದು ಸಾಲುಗಳನ್ನು ಎರಡು, ಎರಡು, ಒಂದು ಎಂದು ಮೂರು ಉಸಿರಿಗೆ ಹಂಚುವುದು. ಒಂಬತ್ತು ಸಲ ಹೇಳಿದರೆ 27 ಉಸಿರು. ಶುಭಚಂದ್ರಾಚಾರ್ಯರ ‘ಜ್ಞಾನಾರ್ಣವ’ದಲ್ಲಿ ಧ್ಯಾನಕ್ಕೆ ನಾಭಿಯಲ್ಲಿ 16 ದಳದ ಕಮಲ, ಎದೆಯಲ್ಲಿ ಎಂಟು ಕರ್ಮಗಳ 8 ದಳದ ಕಮಲ ಹೇಳಿದೆ. ನಾಭಿಯಿಂದ ಎದ್ದ ಬೆಂಕಿ ಆ ಎಂಟನ್ನೂ ಸುಡಬೇಕು. ನಮ್ಮ ಪದದಲ್ಲಿ ನಾಭಿಗೆ 10, ಎದೆಗೆ 12. ಲೆಕ್ಕ ಕೂಡುವುದಿಲ್ಲ. ಹಾಗಾದರೆ ಖರೇ ಯಾವುದು?

ಈ ಪ್ರಶ್ನೆಯನ್ನು ಒಬ್ಬರು ಚೂರಿ ಹಿಡಿದೇ ಕೇಳಿದ್ದರು. ಆರ್ಯಸಮಾಜದ ದಯಾನಂದ ಸರಸ್ವತಿಯವರು ಹರೆಯದಲ್ಲಿ ಗಂಗೆಯಲ್ಲಿ ತೇಲಿ ಬಂದ ಹೆಣವನ್ನು ದಡಕ್ಕೆಳೆದು, ಸೀಳಿ, ಪುಸ್ತಕದೊಂದಿಗೆ ಹೋಲಿಸಿ ನೋಡಿದರು. ಚಕ್ರ ಸಿಗಲಿಲ್ಲ. ಪುಸ್ತಕಗಳನ್ನು ಹರಿದು ಹೊಳೆಗೆ ಎಸೆದರೆಂದು ಅವರೇ ಹೇಳಿಕೊಂಡಿದ್ದಾರೆ. ನಮ್ಮ ಮೇಳದ ಹಿರಿಯರಿಗೆ ಇದನ್ನು ಹೇಳಿದಾಗ, “ಏಕತಾರಿ ಒಡದು ನೋಡಿದರ ಸ್ವರ ಸಿಗತದೇನೋ ತಮ್ಮಾ?” ಅಂದರು. ಉತ್ತರ ಚೆಂದ, ಆದರೆ ಪೂರ್ತಿ ಅಲ್ಲ. ನನಗೆ ತಿಳಿದ ಮಟ್ಟಿಗೆ ಕಮಲಗಳು ಮನಸ್ಸನ್ನು ನಿಲ್ಲಿಸುವ ಜಾಗಗಳು. ಹೊಲಕ್ಕೆ ನೀರು ಹಾಯಿಸುವಾಗ ಮಡಿ ಕಟ್ಟಿದ ಹಾಗೆ, ಕಟ್ಟಿದವನ ಅನುಕೂಲ. ಅದಕ್ಕೇ ಒಬ್ಬೊಬ್ಬರ ಲೆಕ್ಕ ಒಂದೊಂದು. ಪತಂಜಲಿಯ ಯೋಗಸೂತ್ರದಲ್ಲಂತೂ ನಾಭಿಚಕ್ರದ ಮಾತು ಬರುತ್ತದೆಯೇ ಹೊರತು ಆರರ ಪಟ್ಟಿಯೇ ಇಲ್ಲ.

ಈಗಿನ ಪಟಗಳ ಮೂಲ ಬೇರೆ. ಬಂಗಾಲದ ಪೂರ್ಣಾನಂದರು 1577ರಲ್ಲಿ ಬರೆದ ‘ಷಟ್ಚಕ್ರನಿರೂಪಣ’ವನ್ನು ಕಲಕತ್ತಾ ಹೈಕೋರ್ಟಿನ ನ್ಯಾಯಾಧೀಶ ಜಾನ್ ವುಡ್ರಫ್ 1919ರಲ್ಲಿ ಇಂಗ್ಲಿಷಿಗೆ ತಂದರು. ಅಲ್ಲಿಂದ ಅದು ಪರದೇಶ ಸುತ್ತಿತು, ಕಾಮನಬಿಲ್ಲಿನ ಏಳು ಬಣ್ಣ ಬಳಿದುಕೊಂಡು ತಿರುಗಿ ಬಂತು. ಪೂರ್ಣಾನಂದರಲ್ಲಿ ಎದೆಯ ಕಮಲ ಬಂಧೂಕ ಹೂವಿನ ಕೆಂಪು, ಶಿಬಿರದ ಪಟದಲ್ಲಿ ಹಸಿರು. ‘ಸಮತೋಲನ’ ಅನ್ನುವ ಮಾತೂ ಈಚಿನದೇ. ನಮ್ಮ ಪದಗಳಲ್ಲಿ ಚಕ್ರವನ್ನು ತಕ್ಕಡಿಗೆ ಹಾಕುವುದಿಲ್ಲ, ಏರಿ ದಾಟುತ್ತಾರೆ.

ಉಸಿರಿನ ವಿಷಯ ಮಾತ್ರ ಹುಡುಗಾಟವಲ್ಲ. ನಮ್ಮ ಓಣಿಯ ಒಬ್ಬ ಹುಡುಗ ಒಂದು ಶಿಬಿರಕ್ಕೆ ನಾಕು ದಿನ ಹೋಗಿ ಬಂದು, ಹಟ ಹಿಡಿದು ಕುಂಭಕ ಮಾಡಿ, ಕಣ್ಣಿಗೆ ಕತ್ತಲೆ ಬಂದು ಕಟ್ಟೆಯಿಂದ ಬಿದ್ದ. ಹದಿನೈದನೆಯ ಶತಮಾನದ ಹಠಯೋಗಪ್ರದೀಪಿಕೆಯೇ ಉಸಿರನ್ನು ಸಿಂಹ, ಆನೆ, ಹುಲಿ ಪಳಗಿಸುವ ಹಾಗೆ ಮೆಲ್ಲಗೆ ಪಳಗಿಸಬೇಕು, ಇಲ್ಲವಾದರೆ ಸಾಧಕನನ್ನೇ ಕೊಲ್ಲುತ್ತದೆ ಎಂದು ಎಚ್ಚರಿಸಿದೆ. ಮಠದ ಅಂಗಳದಲ್ಲಿ ಆನೆ ನೋಡಿ ಬೆಳೆದ ನಾಂದಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಕ್ತದೊತ್ತಡ ಇದ್ದವರು, ದಮ್ಮು ಇದ್ದವರು, ಎದೆ ಬ್ಯಾನಿ ಇದ್ದವರು ಉಸಿರು ಕಟ್ಟಲೇಬಾರದು. ಡಾಕ್ಟರರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು.

ಮೆಲ್ಲಗೆ ಬಿಡುವ ಉಸಿರಿಗೆ ಮಾತ್ರ ಈ ಅಂಜಿಕೆ ಕಡಿಮೆ, ಅದು ಹಾಡಿನಲ್ಲೇ ಇದೆ. 2001ರಲ್ಲಿ ಇಟಲಿಯ ಡಾಕ್ಟರರು 23 ಮಂದಿಗೆ ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನೂ ನಮ್ಮ ಕಡೆಯ ಒಂದು ಮಂತ್ರವನ್ನೂ ಹೇಳಿಸಿ ನೋಡಿದರಂತೆ. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು, ಎದೆಬಡಿತ ಮತ್ತು ರಕ್ತದೊತ್ತಡ ಒಂದು ಲಯಕ್ಕೆ ಬಂದವು. ವಾಚನಾಲಯದಲ್ಲಿ ಮಾಸ್ತರರು ಇದನ್ನು ಓದಿ ಹೇಳಿದಾಗ ನನಗೆ ಹಂತಿ ಪದ ನೆನಪಾಯಿತು. ಕಣದಲ್ಲಿ ಎತ್ತು ಸುತ್ತುವಾಗ ಹಾಡುವ ಸಾಲು ಉದ್ದ. ನಡುವೆ ಉಸಿರು ಒಡೆದರೆ ಹಿಂದಿನವನಿಗೆ ಎತ್ತಿಕೊಳ್ಳಲು ಬರುವುದಿಲ್ಲ. ಸಣ್ಣಂದಿನಿಂದ ಹಾಗೆ ಹಾಡಿದವನಿಗೆ ಉದ್ದ ಉಸಿರು ಬಿಡುವುದನ್ನು ಯಾರೂ ಬೇರೆ ಕಲಿಸಬೇಕಾಗಿಲ್ಲ.

ಈಗಿನ ತೊಂದರೆ ಲಿಪಿಯದು. ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಮರಾಠಿ. ಏಳನೇತ್ತೆ ತನಕ ನಾನು ಓದಿದ್ದೂ ಮರಾಠಿಯೇ, ಕನ್ನಡ ಅಕ್ಷರ ಕಲಿತದ್ದು ಭಜನಿ ವಹಿಯಿಂದ. ಮೊಮ್ಮಕ್ಕಳಿಗೆ ಆ ವಹಿ ಓದಲು ಬರುವುದಿಲ್ಲ. ಅದಕ್ಕೆ ಮೇಳದವರು ಪದಗಳನ್ನು ಬಾಲಬೋಧ ಅಕ್ಷರದಲ್ಲಿ ಬರೆಸಲು ಹತ್ಯಾರ. ಅಲ್ಲಿ ಎ-ಏ, ಒ-ಓ ಎರಡಕ್ಕೂ ಒಂದೇ ಗುರುತು. ‘ಕೊಡು’ ಬರೆದರೂ ‘ಕೋಡು’ ಬರೆದರೂ ಕಾಣುವುದು ಒಂದೇ ತರಹ. ಹುಡುಗರು ಗಿಡ್ಡ ಸ್ವರವನ್ನು ಎಳೆದು ಹಾಡುತ್ತಾರೆ, ಸಾಲು ಮುಗಿಯುವುದರೊಳಗೆ ಉಸಿರು ಮುಗಿಯುತ್ತದೆ. ಹೀಗಾಗಿ ಗಿಡ್ಡ ಸ್ವರ ಬಂದಲ್ಲಿ ಅಕ್ಷರದ ತಲೆಯ ಮೇಲೆ ಕೆಂಪು ಪೆನ್ನಿನಿಂದ ಚುಕ್ಕಿ ಇಡುತ್ತಿದ್ದೇವೆ. ಇಪ್ಪತ್ತೆಂಟು ಪದ ಬರೆದಾಗಿದೆ. ಇನ್ನ ನಲವತ್ತರ ಮ್ಯಾಲ ಅದಾವ. ಹಳೇ ವಹಿಯ ಕಡೆಯ ಹಾಳೆಗಳು ನೀರು ಬಂದಾಗ ತೊಯ್ದು ಅಂಟಿಕೊಂಡಾವ, ಅವನ್ನು ಬಾಯಿಂದ ಹೇಳುವವರು ಇಬ್ಬರೇ ಉಳಿದಿದ್ದೇವೆ.